ಸೋರುವ ಕಿವಿಗೆ ಜೇನಂಟು: ಹನಿಸುವ ಮೊದಲು ಪರೀಕ್ಷೆಯಾಗಲಿ

ಬೆಳಿಗ್ಗೆ ಹಾಸಿಗೆ ಮಡಿಸುವ ತಾಯಿಯ ಕಣ್ಣಿಗೆ ಮೊದಲು ಬೀಳುವುದು ದಿಂಬಿನ ಮೇಲಿನ ಹಳದಿ ಕಲೆ. ಮಗುವಿಗೆ ಜ್ವರವಿಲ್ಲ, ನೋವಿಲ್ಲ, ಆಟಕ್ಕೂ ಕೊರತೆಯಿಲ್ಲ. ನೋವಿಲ್ಲ ಎಂಬ ಕಾರಣಕ್ಕೇ ಮನೆಯವರು ಧೈರ್ಯವಾಗಿರುತ್ತಾರೆ: ‘ಕಿವಿ ಸೋರುತ್ತೆ ಅಷ್ಟೇ, ದೊಡ್ಡವನಾದ ಮೇಲೆ ತಾನಾಗೇ ನಿಲ್ಲುತ್ತೆ.’ ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡುತ್ತಾಳೆ. ಮೆಡಿಕಲ್ ಶಾಪಿನವರು ಯಾವುದೋ ಒಂದು ಡ್ರಾಪ್ಸ್ ಕೊಡುತ್ತಾರೆ. ನಾಲ್ಕು ದಿನ ನಿಂತಂತಾಗಿ, ಒಂದು ನೆಗಡಿಗೋ ಕೆರೆಯ ಈಜಿಗೋ ಮತ್ತೆ ಶುರುವಾಗುತ್ತದೆ. ಶಾಲೆಯಲ್ಲಿ ಪಕ್ಕದ ಮಕ್ಕಳು ವಾಸನೆಗೆ ದೂರ ಸರಿಯುತ್ತಾರೆ. ಹಿಂದಿನ ಬೆಂಚಿಗೆ ಹೋದ ಹುಡುಗನಿಗೆ ಮೇಷ್ಟ್ರ ಮಾತು ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಅವನಿಗೆ ‘ದಡ್ಡ’ ಎಂಬ ಹೆಸರು ಬರಲು ಒಂದು ವರ್ಷ ಸಾಕು.

ಕಿವಿಯ ತಮಟೆಯಲ್ಲಿ ತೂತು ಬಿದ್ದು, ಅದರ ಹಿಂದಿನ ಮಧ್ಯಕಿವಿಯಿಂದ ವಾರಗಟ್ಟಲೆ, ವರ್ಷಗಟ್ಟಲೆ ಕೀವು ಹರಿಯುವ ಈ ಕಾಯಿಲೆ ಬಡವರ ಮನೆಯನ್ನೇ ಹೆಚ್ಚಾಗಿ ಹುಡುಕಿಕೊಂಡು ಹೋಗುತ್ತದೆ. ಇಕ್ಕಟ್ಟಾದ ಮನೆ, ಹೊಗೆ ತುಂಬಿದ ಅಡುಗೆಕೋಣೆ, ಅರೆಹೊಟ್ಟೆ, ಮೇಲಿಂದ ಮೇಲೆ ಬರುವ ನೆಗಡಿ ಎಲ್ಲವೂ ಅದಕ್ಕೆ ದಾರಿ ಮಾಡಿಕೊಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2004ರ ವರದಿಯ ಅಂದಾಜಿನಂತೆ ಜಗತ್ತಿನಲ್ಲಿ 6.5 ಕೋಟಿಯಿಂದ 33 ಕೋಟಿ ಜನರ ಕಿವಿ ಸೋರುತ್ತಿತ್ತು. ಅವರಲ್ಲಿ ಶೇ 60ರಷ್ಟು ಮಂದಿಗೆ ಕೇಳಿಸುವ ಶಕ್ತಿ ಎದ್ದು ಕಾಣುವಷ್ಟು ಕುಂದಿತ್ತು. ಈ ಹೊರೆ ಅತಿ ಹೆಚ್ಚಾಗಿರುವ ನಾಡುಗಳ ಸಾಲಿನಲ್ಲಿ ಆ ವರದಿ ಭಾರತವನ್ನೂ ಇರಿಸಿತ್ತು.

ಇಂಥ ಕಿವಿಗೆ ಈಗ ಇನ್ನೊಂದು ಮದ್ದಿನ ಹೆಸರು ಕೇಳಿಬರುತ್ತಿದೆ: ಪ್ರೊಪೊಲಿಸ್. ಜೇನುಹುಳುಗಳು ಗೂಡಿಗೆ ಮೆತ್ತುವ ಅಂಟು, ಜೇನಂಟು. ಆ್ಯಂಟಿಬಯೋಟಿಕ್ ಜೊತೆಗೆ ಇದನ್ನೂ ಬಳಸಿದರೆ ಮೊಂಡುಬಿದ್ದ ಸೋಂಕು ಬೇಗ ಬಗ್ಗೀತು ಎಂಬುದು ವಾದ. ಅದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಅದರ ಹಿಂದೆ ಪ್ರಯೋಗಾಲಯದ ಗಟ್ಟಿ ಕೆಲಸವಿದೆ. ಹಾಗೆಂದು ಅಂಗಡಿಯ ಬಾಟಲಿ ತಂದು ತೂತುಬಿದ್ದ ಕಿವಿಗೆ ಹನಿಸುವಂತೆಯೂ ಇಲ್ಲ. ಜೇನಂಟಿಗೆ ನಮ್ಮಲ್ಲೇ, ನಮ್ಮ ನೆಲದ ಅಂಟಿನಿಂದಲೇ, ಸರಿಯಾದ ಪರೀಕ್ಷೆಯೊಂದು ನಡೆಯಬೇಕು. ಅಲ್ಲಿಯವರೆಗೆ ಆ ಬಾಟಲಿ ಮಗುವಿನ ಕಿವಿಯ ಹತ್ತಿರ ಸುಳಿಯಬಾರದು.

ಈ ಅಂಟಿನ ಹುಟ್ಟು ಬಹಳ ಸ್ವಾರಸ್ಯದ್ದು. ಮರದ ಮೊಗ್ಗು, ಚಿಗುರು, ತೊಗಟೆಯ ಗಾಯಗಳಿಂದ ಒಸರುವ ರಾಳವನ್ನು ಕೆಲಸಗಾರ ಹುಳುಗಳು ಬಿಸಿಲೇರಿದ ಹೊತ್ತಿನಲ್ಲಿ ಕಚ್ಚಿ ಎಳೆಯುತ್ತವೆ. ತಂಪಿನಲ್ಲಿ ಅದು ಗಟ್ಟಿ, ಕೀಳಲು ಬಾರದು. ಎಳೆದದ್ದನ್ನು ಪರಾಗ ತುಂಬುವ ಹಿಂಗಾಲಿನ ಬುಟ್ಟಿಗೇ ಮೆತ್ತಿಕೊಂಡು ಗೂಡಿಗೆ ಮರಳುತ್ತವೆ. ಪರಾಗವಾದರೆ ತಾವೇ ಕೊಡವಿ ಇಳಿಸಿಯಾವು. ಈ ಅಂಟು ಮಾತ್ರ ಕಾಲು ಬಿಡುವುದಿಲ್ಲ, ಗೂಡಿನಲ್ಲಿರುವ ಸಂಗಾತಿಗಳು ಬಂದು ಚೂರುಚೂರಾಗಿ ಕಿತ್ತುಕೊಳ್ಳಬೇಕು. ಆಮೇಲೆ ಮೇಣ ಬೆರೆಸಿ ಬಿರುಕಿಗೆ ಮೆತ್ತುವ ಕೆಲಸ. ಪೆಟ್ಟಿಗೆಯಲ್ಲಿ ಆರು ಮಿಲಿಮೀಟರಿಗಿಂತ ಕಿರಿದಾದ ಸಂದಿ ಕಂಡರೆ ಮುಚ್ಚಿಬಿಡುತ್ತವೆ. ಗೂಡಿಗೆ ನುಗ್ಗಿ ಕುಟುಕು ತಿಂದು ಸತ್ತ ಇಲಿಯನ್ನು ಹೊರಗೆಳೆಯಲು ಆಗದಿದ್ದಾಗ ಅದರ ಮೈತುಂಬ ಅಂಟು ಬಳಿಯುತ್ತವೆ. ಇಲಿ ಕೊಳೆಯದೆ ಒಣಗಿ ಹಾಗೇ ಉಳಿಯುತ್ತದೆ. ಗ್ರೀಕರು ಇಟ್ಟ ಹೆಸರಿನ ಅರ್ಥ ‘ನಗರದ ಮುಂದಿರುವುದು’, ನಮ್ಮ ಮಾತಿನಲ್ಲಿ ಊರಬಾಗಿಲ ಕಾವಲು. ಚಳಿಯ ಬೆಳಿಗ್ಗೆ ಪೆಟ್ಟಿಗೆ ಕೆರೆದರೆ ಗಾಜಿನಂತೆ ಚಟ್ಟನೆ ಮುರಿಯುವ ಇದೇ ಅಂಟು ಮಧ್ಯಾಹ್ನದ ಬಿಸಿಲಲ್ಲಿ ಬೆರಳಿಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ.

ರೋಮಿನ ಪ್ಲಿನಿ 1ನೇ ಶತಮಾನದಲ್ಲೇ ಇದನ್ನು ಹುಣ್ಣು, ಬಾವುಗಳ ಮದ್ದೆಂದು ಬರೆದಿಟ್ಟಿದ್ದ. ಈಗಿನ ವಿಶ್ಲೇಷಣೆಯ ಪ್ರಕಾರ ಇದರಲ್ಲಿ ಸುಮಾರು ಅರ್ಧ ಭಾಗ ರಾಳ, ಮೂರನೇ ಒಂದು ಭಾಗದ ಹತ್ತಿರ ಮೇಣ, ಉಳಿದದ್ದು ಸುಗಂಧ ತೈಲ ಮತ್ತು ಪರಾಗ. ಔಷಧೀಯ ಗುಣ ಇರುವುದು ರಾಳದಲ್ಲಿ. ಅದರ ಫ್ಲೇವನಾಯ್ಡ್‌ಗಳೂ ಕೆಫಿಕ್ ಆಮ್ಲದಿಂದ ಹುಟ್ಟಿದ ಸಂಯುಕ್ತಗಳೂ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಸಡಿಲಿಸುತ್ತವೆ, ಅದರ ಶಕ್ತಿ ಉತ್ಪಾದನೆಗೆ ಅಡ್ಡಗಾಲು ಹಾಕುತ್ತವೆ. ಪೊರೆ ಸಡಿಲವಾದ ಜಾಗದಿಂದ ಆ್ಯಂಟಿಬಯೋಟಿಕ್ ಸುಲಭವಾಗಿ ಒಳನುಗ್ಗುತ್ತದೆ. ಬ್ರೆಜಿಲ್, ಸರ್ಬಿಯಾ ಮುಂತಾದ ಕಡೆಯ ಪ್ರಯೋಗಾಲಯಗಳಲ್ಲಿ ಜೇನಂಟಿನ ಸಾರವನ್ನು ಆ್ಯಂಟಿಬಯೋಟಿಕ್ ಜೊತೆ ಸೇರಿಸಿದಾಗ ಕೆಲವು ಜೋಡಿಗಳು ಬಿಡಿಬಿಡಿಯಾಗಿ ಮಾಡುವುದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಹೀಗೆ. ಜೊತೆಮದ್ದು ಎಂಬ ಆಸೆಯ ಬೇರು ಇಲ್ಲಿದೆ.

ಆದರೆ ಯಾವ ರೋಗಾಣುವಿನ ಮೇಲೆ? ಸೋರುವ ಕಿವಿಯಲ್ಲಿ ಮುಖ್ಯವಾಗಿ ಇಬ್ಬರು ಬೀಡುಬಿಟ್ಟಿರುತ್ತಾರೆ: ಸ್ಟೆಫೈಲೊಕಾಕಸ್ ಆರಿಯಸ್ ಮತ್ತು ಸ್ಯೂಡೊಮೊನಾಸ್ ಎರುಜಿನೋಸ. ಮೊದಲನೆಯದಕ್ಕೆ ಜೇನಂಟು ಚೆನ್ನಾಗಿಯೇ ತಾಗುತ್ತದೆ. ಎರಡನೆಯದಕ್ಕೆ ಎರಡು ಪದರದ ಗೋಡೆಯಿದೆ. ಒಳಗೆ ಬಂದ ವಿಷವನ್ನು ಎತ್ತಿ ಹೊರಗೆಸೆಯುವ ಪಂಪುಗಳೂ ಇವೆ. ಜೇನಂಟು ಒಂದನ್ನೇ ಹಾಕಿದರೆ ಅದು ಅಷ್ಟಾಗಿ ಅಲುಗುವುದಿಲ್ಲ. ದುರದೃಷ್ಟವೆಂದರೆ ಹಳೆಯ ಸೋರುಕಿವಿಯಲ್ಲಿ ಹೆಚ್ಚು ಕಾಟ ಕೊಡುವುದು ಈ ಸ್ಯೂಡೊಮೊನಾಸೇ. ‘ಜೇನಂಟು ಸ್ವಾಭಾವಿಕ ಆ್ಯಂಟಿಬಯೋಟಿಕ್, ಬೇರೆ ಔಷಧ ಬೇಡ’ ಎನ್ನುವವರ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ಅದಕ್ಕೆ ಜಾಗವಿದ್ದರೆ ಅದು ಜೊತೆಗಾರನ ಜಾಗ ಮಾತ್ರ.

ಜೊತೆಗಾರನಾಗಿ ಅದು ಮಾಡಬಹುದಾದ ಕೆಲಸ ಸಣ್ಣದೇನಲ್ಲ. ದೀರ್ಘಕಾಲದ ಕಿವಿಸೋಂಕಿನ ರೋಗಾಣುಗಳು ಒಂಟಿಯಾಗಿ ಅಲೆಯುವುದಿಲ್ಲ. ಕೆರೆಯ ಮೆಟ್ಟಿಲಿಗೆ ಕಟ್ಟುವ ಪಾಚಿಯಂತೆ ಲೋಳೆಯ ಹೊದಿಕೆ ಹೊದ್ದು ಗುಂಪಾಗಿ ಅಂಟಿ ಕೂರುತ್ತವೆ. ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಮಧ್ಯಕಿವಿಯ ತೊಂದರೆ ಬಿಡದೆ ಕಾಡುತ್ತಿದ್ದ ಅಮೆರಿಕದ ಮಕ್ಕಳ ಕಿವಿಯ ಒಳಪೊರೆಯ ಮಾದರಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. 50 ಮಾದರಿಗಳ ಪೈಕಿ 46ರಲ್ಲಿ ಈ ಪಾಚಿ ಕಣ್ಣಿಗೆ ಬಿತ್ತು. ಲೋಳೆಯ ಒಳಗಿರುವ ಬ್ಯಾಕ್ಟೀರಿಯಾ ಹೊರಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಔಷಧ ತಡೆದುಕೊಳ್ಳುತ್ತದೆ. ಡ್ರಾಪ್ಸ್ ನಿಲ್ಲಿಸಿದ ಹದಿನೈದು ದಿನಕ್ಕೆ ಕಿವಿ ಮತ್ತೆ ಸೋರುವುದೇಕೆ ಎಂಬುದಕ್ಕೆ ಇದೊಂದು ಕಾರಣ. ಪ್ರಯೋಗಾಲಯದ ತಟ್ಟೆಗಳಲ್ಲಿ ಜೇನಂಟಿನ ಸಾರ ಈ ಹೊದಿಕೆ ಕಟ್ಟುವುದನ್ನು ತಡೆದದ್ದುಂಟು, ಉರಿಯೂತವನ್ನು ತಗ್ಗಿಸಿದ್ದೂ ಉಂಟು. ಕಿವಿಯೊಳಗೂ ಹಾಗೇ ಆದರೆ ಎಷ್ಟು ಚೆನ್ನ!

ತಟ್ಟೆಗೂ ಕಿವಿಗೂ ನಡುವೆ ಬಹಳ ದೂರವಿದೆ. ಮಕ್ಕಳ ಕಿವಿಯ ವಿಷಯದಲ್ಲಿ ಆ ದೂರವನ್ನು ಸ್ವಲ್ಪವಾದರೂ ನಡೆದವರು ಇಟಲಿಯವರು. ಪದೇ ಪದೇ ಕಿವಿನೋವಿಗೆ ತುತ್ತಾಗುತ್ತಿದ್ದ ಒಂದರಿಂದ ಐದು ವರ್ಷದ 122 ಮಕ್ಕಳನ್ನು ಅಲ್ಲಿನ ವೈದ್ಯರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರು ತಿಂಗಳು ಪ್ರೊಪೊಲಿಸ್ ಮತ್ತು ಝಿಂಕ್ ಇರುವ ದ್ರವವನ್ನು ಕುಡಿಸಿದರು. ಆ ಅವಧಿಯಲ್ಲಿ ಹೊಸದಾಗಿ ಕಿವಿ ಸೋಂಕು ಬಂದದ್ದು ಈ ಗುಂಪಿನ ಶೇ 50.8 ಮಕ್ಕಳಿಗೆ, ಇನ್ನೊಂದು ಗುಂಪಿನ ಶೇ 70.5 ಮಕ್ಕಳಿಗೆ. 2010ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನೇ ಜೇನಂಟಿನ ಪರ ವಾದಿಸುವವರು ಮುಂದಿಡುವುದು. ಅದು ನಿಜವಾದ, ಗೌರವಿಸಬೇಕಾದ ಕೆಲಸ. ಆದರೆ ಅಲ್ಲಿ ಔಷಧ ಹೋದದ್ದು ಬಾಯಿಗೆ, ಕಿವಿಗಲ್ಲ. ಅದು ಹಠಾತ್ತನೆ ಬರುವ ಸೋಂಕನ್ನು ತಡೆಯುವ ಪ್ರಯತ್ನ, ತಮಟೆ ತೂತಾಗಿ ವರ್ಷಗಟ್ಟಲೆ ಸೋರುವ ಕಿವಿಯ ಚಿಕಿತ್ಸೆಯಲ್ಲ. ಜೊತೆಗೆ ಝಿಂಕ್ ಬೇರೆ ಇತ್ತು. ಲಾಭದಲ್ಲಿ ಜೇನಂಟಿನ ಪಾಲೆಷ್ಟು, ಝಿಂಕಿನ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಮೂಲದ್ದು. ಈಗಿರುವ ಆ್ಯಂಟಿಬಯೋಟಿಕ್ ಹನಿ ಸೋಲುವುದು ಅದರ ಕಸುವು ಸಾಲದೆಯೋ, ಅದು ಮುಟ್ಟಬೇಕಾದಲ್ಲಿ ಮುಟ್ಟದೆಯೋ? ಸಿಪ್ರೊಫ್ಲಾಕ್ಸಸಿನ್ ಹನಿಯಲ್ಲಿ ಶೇ 0.3ರಷ್ಟು ಔಷಧವಿರುತ್ತದೆ, ಅಂದರೆ ಒಂದು ಮಿಲಿಲೀಟರಿನಲ್ಲಿ 3,000 ಮೈಕ್ರೊಗ್ರಾಂ. ಮಾತ್ರೆ ನುಂಗಿದಾಗ ರಕ್ತದಲ್ಲಿ ಸಿಗುವುದು ಕೆಲವೇ ಮೈಕ್ರೊಗ್ರಾಂ. ಲ್ಯಾಬ್ ವರದಿಯಲ್ಲಿ ‘ರೆಸಿಸ್ಟೆಂಟ್’ ಎಂದು ಬರೆಯುವುದು ಈ ರಕ್ತದ ಲೆಕ್ಕಕ್ಕೆ. ಹನಿಯ ಸಾಂದ್ರತೆಯ ಮುಂದೆ ಅಂಥ ರೋಗಾಣುವೂ ಅನೇಕ ಸಲ ಮಣಿಯುತ್ತದೆ. ಈ ಕಾಯಿಲೆಗೆ ಮಾತ್ರೆಗಿಂತ ಹನಿಯೇ ಮೇಲೆಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ವಿಮರ್ಶೆಗಳೂ ಹೇಳಿವೆ. ಆದರೆ ಕಿವಿಯ ದಾರಿ ತುಂಬ ಕೀವು ನಿಂತಿದ್ದರೆ ಹನಿ ಕೀವಿನ ಮೇಲೆ ತೇಲಿ ಹೊರಗೆ ಹರಿಯುತ್ತದೆ. ಹಾಗಾದಾಗ ಇನ್ನೊಂದು ಬಗೆಯ ಹನಿ ಸೇರಿಸಿದರೂ ಅದೂ ತೇಲಿಕೊಂಡೇ ಹೋಗುತ್ತದೆ.

ಅಗ್ಗದ, ಹಳೆಯ, ಎಲ್ಲರೂ ನಂಬಿದ ಮದ್ದನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದರೆ ಏನಾಗುತ್ತದೆ ಎಂಬುದಕ್ಕೆ ಕೀನ್ಯಾ ಒಳ್ಳೆಯ ಪಾಠ. ಅಲ್ಲಿ ಸೋರುವ ಕಿವಿಗೆ ಬೋರಿಕ್ ಆಸಿಡ್ ಬೆರೆಸಿದ ಆಲ್ಕೋಹಾಲ್ ಹಾಕುವ ರೂಢಿಯಿತ್ತು. 427 ಶಾಲಾಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ವಾರದ ಹೊತ್ತಿಗೆ ಸಿಪ್ರೊಫ್ಲಾಕ್ಸಸಿನ್ ಪಡೆದ ಶೇ 59 ಮಕ್ಕಳ ಕಿವಿ ಒಣಗಿತ್ತು, ಬೋರಿಕ್ ಪಡೆದವರಲ್ಲಿ ಶೇ 32 ಮಾತ್ರ. ನೋವು, ಕಿರಿಕಿರಿಯೂ ಸಿಪ್ರೊಫ್ಲಾಕ್ಸಸಿನ್ ಗುಂಪಿನಲ್ಲೇ ಕಡಿಮೆ. ಪರೀಕ್ಷೆ ಮಾಡದಿದ್ದರೆ ‘ಹಿಂದಿನಿಂದ ಬಂದದ್ದು, ಕೆಟ್ಟದ್ದೇನೂ ಮಾಡದು’ ಎಂದು ಆ ಮಕ್ಕಳಿಗೆ ಇನ್ನೆಷ್ಟು ವರ್ಷ ಬೋರಿಕ್ ಹನಿಯೇ ಬೀಳುತ್ತಿತ್ತೋ.

ಈ ಆಲ್ಕೋಹಾಲಿನ ಮಾತು ಜೇನಂಟಿಗೂ ನೇರವಾಗಿ ತಾಗುತ್ತದೆ. ರಾಳ ನೀರಿನಲ್ಲಿ ಕರಗುವುದಿಲ್ಲ. ಅದಕ್ಕಾಗಿ ಪ್ರೊಪೊಲಿಸ್ ಟಿಂಚರ್‌ಗಳಲ್ಲಿ ಹೆಚ್ಚಿನವು ಗಾಢ ಆಲ್ಕೋಹಾಲಿನಲ್ಲಿ ತಯಾರಾದವು. ಗಂಟಲಿಗೆ ಸಿಂಪಡಿಸಿಕೊಂಡರೆ ಕ್ಷಣಹೊತ್ತು ಉರಿದು ಹೋದೀತು. ತಮಟೆ ತೂತಾದ ಕಿವಿಯ ಕಥೆ ಬೇರೆ. ಹನಿ ಸೀದಾ ಮಧ್ಯಕಿವಿಗೆ ಇಳಿಯುತ್ತದೆ, ಅಲ್ಲಿಂದ ಒಳಕಿವಿಗೆ ಅಡ್ಡ ಇರುವುದು ಕಾಗದದಷ್ಟೂ ದಪ್ಪವಿಲ್ಲದ ಒಂದು ಪೊರೆ. ಸದ್ದನ್ನು ಹಿಡಿಯುವ ಕೂದಲ ಕೋಶಗಳು ಅದರಾಚೆಗಿವೆ. ಆಲ್ಕೋಹಾಲ್ ಅವಕ್ಕೆ ವಿಷ. ಆಲ್ಕೋಹಾಲಿನ ಬದಲು ಬಳಸುವ ಪ್ರೊಪಿಲೀನ್ ಗ್ಲೈಕಾಲ್ ಕೂಡ ಪ್ರಾಣಿಗಳ ಕಿವಿಗೆ ಹಾನಿ ಮಾಡಿದ ದಾಖಲೆಯಿದೆ. ಜೆಂಟಾಮೈಸಿನ್, ನಿಯೋಮೈಸಿನ್ ಹನಿಗಳನ್ನು ತೂತುಕಿವಿಗೆ ಹಾಕಲು ವೈದ್ಯರು ಹಿಂಜರಿಯುವುದು ಇದೇ ಭಯಕ್ಕೆ. ಒಳಕಿವಿಯ ಆ ಕೂದಲ ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಸೋರುವುದನ್ನು ನಿಲ್ಲಿಸಲು ಹೋಗಿ ಕಿವುಡುತನವನ್ನು ಶಾಶ್ವತ ಮಾಡಿಕೊಳ್ಳುವ ಅಪಾಯಕ್ಕೆ ಮಗುವನ್ನು ಒಡ್ಡುವ ಹಕ್ಕು ಯಾರಿಗೂ ಇಲ್ಲ.

ಅಲರ್ಜಿಯ ಮಾತೂ ಇದೆ. ಚರ್ಮಕ್ಕೆ ತಾಗಿ ಕಜ್ಜಿ ಎಬ್ಬಿಸುವ ವಸ್ತುಗಳಲ್ಲಿ ಜೇನಂಟು ಹೆಸರುವಾಸಿ. ಅದರ ಕೆಫಿಕ್ ಸಂಯುಕ್ತಗಳೇ ಮುಖ್ಯ ಕಾರಣ. ಔಷಧವಾಗುವುದೂ ಉರಿ ತರುವುದೂ ಹೆಚ್ಚು ಕಡಿಮೆ ಒಂದೇ ಕುಟುಂಬದ ರಾಸಾಯನಿಕಗಳು.

ಇನ್ನು ‘ಜೇನಂಟು’ ಎನ್ನುವುದು ಒಂದೇ ಪದಾರ್ಥವಲ್ಲ ಎಂಬುದು ಕನ್ನಡನಾಡಿನ ಮಟ್ಟಿಗೆ ಬಹು ಮುಖ್ಯ ಸಂಗತಿ. ಯುರೋಪಿನ ಜೇನಂಟು ಬಹುಪಾಲು ಪಾಪ್ಲರ್ ಮರದ ಮೊಗ್ಗಿನಿಂದ ಬಂದದ್ದು. ಬ್ರೆಜಿಲ್‌ನ ಹಸಿರು ಜೇನಂಟು ಬಕಾರಿಸ್ ಎಂಬ ಪೊದೆಯದು, ಅಲ್ಲಿನದೇ ಕೆಂಪು ಜೇನಂಟು ಬೀಟೆಯ ಬಳಗದ ಒಂದು ಗಿಡದ್ದು. ಮೂರರ ರಾಸಾಯನಿಕಗಳೂ ಬೇರೆ ಬೇರೆ. ಮಲೆನಾಡಿನಲ್ಲಿ ಪಾಪ್ಲರ್ ಕಾಡಿಲ್ಲ. ಇಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಅಂಟು ಕೂಡಿಡುವುದೇ ಇಲ್ಲ ಎನ್ನಬಹುದು, ಅದರದು ಮೇಣದ ಸಂಸಾರ. ಅಂಟು ಕೂಡಿಡುವ ಮೆಲ್ಲಿಫೆರಾ ಜೇನು ಭಾರತದಲ್ಲಿ ನೆಲೆಯೂರಿದ್ದು 1962ರಲ್ಲಿ, ಈಗ ಹಿಮಾಚಲ ಪ್ರದೇಶದಲ್ಲಿರುವ ನಗ್ರೋಟಾದಲ್ಲಿ. ನಮ್ಮದೇ ಎನ್ನಬಹುದಾದ ಅಂಟಿನ ಕಣಜ ಇರುವುದು ಮಿಸ್ರಿ ಜೇನಿನಲ್ಲಿ. ಕರಾವಳಿಯಲ್ಲಿ ಮುಜಂಟಿ, ಕೆಲವೆಡೆ ನಸರಿ ಎನ್ನುವ, ಕುಟುಕದ, ಸೊಳ್ಳೆಯಷ್ಟೇ ಇರುವ ಕಪ್ಪುಹುಳು. ಹಳೆಯ ಮನೆಯ ಮಣ್ಣುಗೋಡೆಯಿಂದ ಬೆರಳಿನಷ್ಟು ಉದ್ದದ ಅಂಟುಕೊಳವೆ ಚಾಚಿಕೊಂಡಿದ್ದರೆ ಅದು ಮಿಸ್ರಿಯ ಹೆಬ್ಬಾಗಿಲು. ಇರುವೆ ಒಳಗೆ ಹೊರಟರೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಒಳಗಿನ ಕೋಣೆ, ಜೇನಿನ ಮಡಿಕೆಗಳು, ಗೋಡೆ ಎಲ್ಲವೂ ಮೇಣ-ರಾಳಗಳ ಮಿಶ್ರಣದಿಂದ ಕಟ್ಟಿದವು.

ಈ ಮಿಸ್ರಿ ಅಂಟು ಯಾವ ಮರದ ರಾಳವನ್ನು ಹೊತ್ತಿದೆ ಎಂಬುದರ ಮೇಲೆ ಅದರ ಗುಣ ನಿಂತಿದೆ. ಆಗ್ನೇಯ ಏಷ್ಯಾದಲ್ಲಿ ಇದರ ಹತ್ತಿರದ ನೆಂಟರ ಅಂಟನ್ನು ಪರೀಕ್ಷಿಸಿದಾಗ ಮಾವಿನ ಸೊನೆಯಲ್ಲಿರುವ ಕಾರ್ಡೋಲ್ ವರ್ಗದ ರಾಸಾಯನಿಕಗಳು ಸಿಕ್ಕಿವೆ. ಮಿಡಿಮಾವಿನ ಸೊನೆ ತುಟಿಗೆ ತಾಗಿ ಸಿಪ್ಪೆ ಸುಲಿದದ್ದು ಇಲ್ಲಿನ ಯಾವ ಮಗುವಿಗೆ ಗೊತ್ತಿಲ್ಲ? ಅದೇ ಸೊನೆಯ ಬಂಧು ಮಧ್ಯಕಿವಿಯ ಹಸಿ ಪೊರೆಗೆ ಏನು ಮಾಡೀತು ಎಂದು ನೋಡದೆ ಹನಿಸುವುದು ಹೇಗೆ? ಹಾಗೆ ನೋಡುವ ಕೆಲಸವನ್ನು ಸರ್ಬಿಯಾದವರೋ ಬ್ರೆಜಿಲಿನವರೋ ಇಲ್ಲಿಗೆ ಬಂದು ಮಾಡಿಕೊಡುವುದಿಲ್ಲ. ಇಲ್ಲಿಯವರೇ ಮಾಡಬೇಕು, ಮಾಡಲು ಬೇಕಾದದ್ದೂ ಇಲ್ಲಿಯೇ ಇದೆ. 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಳುವಿಕೆಯನ್ನು ಅಳೆಯುವುದರಲ್ಲಿ ಅದಕ್ಕೆ ದೇಶದಲ್ಲೇ ದೊಡ್ಡ ಹೆಸರು. ಮಿಸ್ರಿ ಸಾಕುವ ಕೈಗಳು ಕೊಡಗಿನಿಂದ ಶಿರಸಿಯವರೆಗೆ ಇವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶಾಲೆ, ಅಂಗನವಾಡಿಗಳಿಗೆ ಹೋಗುವ ವೈದ್ಯತಂಡಗಳು ಕಿವಿ ಸೋರುವ ಮಕ್ಕಳನ್ನು ಗುರುತಿಸುವ ಹೊಣೆಯನ್ನೂ ಹೊತ್ತಿವೆ.

ಪರೀಕ್ಷೆಯ ಹಾದಿ ಕಷ್ಟದ್ದೇನಲ್ಲ, ತಾಳ್ಮೆಯದು. ಮೊದಲು ಬೇರೆ ಬೇರೆ ಊರಿನ ಮಿಸ್ರಿ ಅಂಟಿನಲ್ಲಿ ಏನೇನಿದೆ ಎಂದು ಪಟ್ಟಿಯಾಗಬೇಕು. ಆಲ್ಕೋಹಾಲ್ ಇಲ್ಲದ, ಒಳಕಿವಿಗೆ ಕೆಡುಕಾಗದ ಹನಿಯ ರೂಪಕ್ಕೆ ಅದನ್ನು ತರಬೇಕು. ಪ್ರಾಣಿಗಳ ಕೇಳುವಿಕೆಯ ಮೇಲೆ ಪರಿಣಾಮ ಅಳೆದು ನಿಶ್ಚಿಂತೆಯಾದ ಮೇಲೆ, ಒಪ್ಪಿಗೆ ಕೊಟ್ಟ ದೊಡ್ಡವರ ಮೇಲೆ, ಕೊನೆಗೆ ಮಕ್ಕಳ ಮೇಲೆ. ಎಲ್ಲರಿಗೂ ಕಿವಿ ಒರೆಸುವಿಕೆ, ಎಲ್ಲರಿಗೂ ಸಿಪ್ರೊಫ್ಲಾಕ್ಸಸಿನ್. ಅರ್ಧ ಮಂದಿಗೆ ಮಾತ್ರ ಜೇನಂಟಿನ ಹನಿ ಹೆಚ್ಚುವರಿಯಾಗಿ. ಉಳಿದರ್ಧಕ್ಕೆ ಅದೇ ಬಣ್ಣದ, ಅದೇ ಧೂಪದಂಥ ವಾಸನೆಯ ಸಪ್ಪೆ ಹನಿ, ಯಾವುದು ಯಾವುದೆಂದು ಮನೆಯವರಿಗೂ ವೈದ್ಯರಿಗೂ ತಿಳಿಯದಂತೆ. ಆ ವಾಸನೆಯನ್ನು ನಕಲು ಮಾಡುವುದೇ ಒಂದು ಸಾಹಸವಾದೀತು. ಎರಡು ವಾರಕ್ಕೆ ಎಷ್ಟು ಕಿವಿ ಒಣಗಿತು, ಮುಂದಿನ ಮಳೆಗಾಲದಲ್ಲಿ ಎಷ್ಟು ಮತ್ತೆ ಸೋರಿತು, ಕೇಳುವಿಕೆ ಏರಿತೋ ಇಳಿಯಿತೋ ಎಂದು ಅಳೆಯಬೇಕು. ಉತ್ತರ ‘ಪ್ರಯೋಜನವಿಲ್ಲ’ ಎಂದು ಬಂದರೂ ಅದನ್ನು ಪ್ರಕಟಿಸಬೇಕು.

ಅಷ್ಟರಲ್ಲಿ ಸೋರುತ್ತಿರುವ ಕಿವಿಯನ್ನು ಹಾಗೇ ಬಿಡುವಂತಿಲ್ಲ. ಕೆಲವು ಕಿವಿಗಳಲ್ಲಿ ತಮಟೆಯ ಅಂಚಿನಿಂದ ಚರ್ಮ ಒಳಕ್ಕೆ ಬೆಳೆದು ಗಂಟುಕಟ್ಟುತ್ತದೆ. ಕೊಲೆಸ್ಟಿಯಾಟೋಮ ಎಂಬ ಈ ಗಂಟು ಸುತ್ತಲ ಮೂಳೆಯನ್ನೇ ಕೊರೆಯುತ್ತದೆ. ಸೋರುವುದು ಸ್ವಲ್ಪವೇ ಆದರೂ ಕೊಳೆತ ವಾಸನೆ, ತಲೆಸುತ್ತು, ಬಾಯಿ ಒಂದು ಕಡೆಗೆ ವಾಲುವುದು, ಕಿವಿಯ ಹಿಂದೆ ಬಾವು, ವಿಪರೀತ ತಲೆನೋವು ಕಂಡರೆ ಅದು ಮಿದುಳಿಗೆ ಕೀವು ಏರುವವರೆಗೂ ಹೋಗಬಹುದು. ಇದಕ್ಕೆ ಶಸ್ತ್ರಚಿಕಿತ್ಸೆಯೊಂದೇ ದಾರಿ. ಜೇನಂಟು, ಬೆಳ್ಳುಳ್ಳಿ ಎಣ್ಣೆ ಎಂದು ಕಳೆಯುವ ಒಂದೊಂದು ತಿಂಗಳೂ ಅಂಥ ಮಗುವಿಗೆ ದುಬಾರಿ.

ಉಳಿದ ಹೆಚ್ಚಿನ ಕಿವಿಗಳಿಗೆ ಇವತ್ತೇ ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಕಾಸಿನ ಖರ್ಚಿಲ್ಲ. ಒಗೆದು ಒಣಗಿಸಿದ ಹಳೆಯ ಹತ್ತಿ ಸೀರೆಯ ಅಂಚನ್ನು ಹರಿದು ದೀಪದ ಬತ್ತಿಯಂತೆ ಹೊಸೆಯಬೇಕು. ಕಿವಿಯ ಆಲೆಯನ್ನು ಹಿಂದಕ್ಕೆಳೆದು ಬತ್ತಿಯ ತುದಿಯನ್ನು ಮೆಲ್ಲಗೆ ಒಳಗಿಟ್ಟು ಒಂದು ನಿಮಿಷ ಬಿಟ್ಟರೆ ಅದು ಕೀವನ್ನು ತಾನೇ ಹೀರುತ್ತದೆ. ತೆಗೆದು ಎಸೆದು ಹೊಸ ಬತ್ತಿ, ಮತ್ತೆ ಇನ್ನೊಂದು, ಒಣಗಿ ಹೊರಬರುವವರೆಗೆ. ಕಡ್ಡಿ, ಹೇರ್‌ಪಿನ್, ಅಂಗಡಿಯ ಇಯರ್ ಬಡ್ ಕೂಡದು. ಕಿವಿ ಒಣಗಿದ ಮೇಲೆ ವೈದ್ಯರು ಬರೆದುಕೊಟ್ಟ ಹನಿ ಹಾಕಿ ಮಗುವನ್ನು ಮಗ್ಗುಲಾಗಿ ಮಲಗಿಸಿ, ಕಿವಿಯ ಮುಂದಿನ ಪುಟ್ಟ ಮಡಿಕೆಯನ್ನು ನಾಲ್ಕೈದು ಸಲ ಒತ್ತಿದರೆ ಔಷಧ ತೂತಿನ ಒಳಗೆ ಇಳಿಯುತ್ತದೆ. ದಿನಕ್ಕೆ ಮೂರು ಸಲ, ಎರಡು ವಾರ. ಸ್ನಾನದ ಹೊತ್ತಿಗೆ ವ್ಯಾಸಲೀನ್ ಸವರಿದ ಹತ್ತಿಯುಂಡೆ ಕಿವಿಗೆ. ಕೆರೆ, ಬಾವಿಯ ಈಜು ಸದ್ಯಕ್ಕೆ ಇಲ್ಲ. ಎರಡು ವಾರ ಕಳೆದರೂ ಬತ್ತಿ ಒದ್ದೆಯಾಗಿಯೇ ಬರುತ್ತಿದ್ದರೆ ಆ ಕಿವಿಯನ್ನು ಇಎನ್‌ಟಿ ವೈದ್ಯರು ಮೈಕ್ರೊಸ್ಕೋಪಿನಲ್ಲಿ ನೋಡಬೇಕು, ಆ ವಾರವೇ.